ರಾಸು ಕೊಳ್ಳುವಾಗಲೇ ಕಿವಿಯೋಲೆ ಓದಿ

ಸಂತೆಯಲ್ಲಿ ಹಸು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಕೆಚ್ಚಲು ಮುಟ್ಟಿ ನೋಡುತ್ತಾರೆ, ಎಷ್ಟನೇ ಸೂಲು ಎಂದು ಕೇಳುತ್ತಾರೆ. ಕಿವಿಯಲ್ಲಿ ತೂಗುವ ಹಳದಿ ಓಲೆಯನ್ನು ಓದುವವರು ಮಾತ್ರ ಕಡಿಮೆ. ಅದರ ಮೇಲಿನ 12 ಅಂಕಿಗಳೇ ಆ ರಾಸಿನ ಗುರುತು. ಲಸಿಕೆ, ಕೃತಕ ಗರ್ಭಧಾರಣೆ, ವಿಮೆ ಎಲ್ಲವೂ ಆ ಸಂಖ್ಯೆಯಡಿಯಲ್ಲೇ ‘ಭಾರತ್ ಪಶುಧನ್’ ದತ್ತಾಂಶದಲ್ಲಿ ದಾಖಲಾಗುತ್ತವೆ. ಹೈನುಗಾರಿಕೆಗೆ ಹೊಸದಾಗಿ ಇಳಿಯುವವರು ಹಟ್ಟಿ ಕಟ್ಟುವ ಮೊದಲೇ ಇದನ್ನು ತಿಳಿದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂಗಡ ಕೊಡುವ ಮೊದಲು ಓಲೆಯ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ. ಮಾಲೀಕರ ಹೆಸರು ಯಾರದು, ಕಡೆಯ ಲಸಿಕೆ ಯಾವಾಗ ಬಿದ್ದಿದೆ ಎಂಬುದನ್ನು ಅಲ್ಲಿನ ಸಿಬ್ಬಂದಿ ನೋಡಿ ಹೇಳಬಲ್ಲರು. ಮಾರುವವರ ಹೆಸರು ದಾಖಲೆಯಲ್ಲಿ ಇಲ್ಲದಿದ್ದರೆ ಕಾರಣ ಕೇಳಿ. ವ್ಯಾಪಾರ ಮುಗಿದ ಮೇಲೆ ನಿಮ್ಮ ಆಧಾರ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟು ಮಾಲೀಕತ್ವವನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. ಇದನ್ನು ನಾಳೆಗೆ ಬಿಟ್ಟವರು ರಾಸು ಸತ್ತ ದಿನ ಪರದಾಡುತ್ತಾರೆ.

ಓಲೆಯೇ ಇಲ್ಲದ ರಾಸಾದರೆ ಹಾಕಿಸಿ. ಕಿವಿಯ ನಡುಭಾಗದಲ್ಲಿ, ಎರಡು ರಕ್ತನಾಳಗಳ ನಡುವಿನ ಜಾಗ ನೋಡಿ ಹಾಕುತ್ತಾರೆ. ನಾಳಕ್ಕೆ ತಗುಲಿದರೆ ರಕ್ತ ಸುರಿಯುತ್ತದೆ, ಅಂಚಿಗೆ ಹಾಕಿದರೆ ಗೂಟಕ್ಕೋ ಬೇಲಿಗೋ ಸಿಕ್ಕಿ ಕಿವಿ ಹರಿದು ಓಲೆ ಕಳೆದುಹೋಗುತ್ತದೆ. ಗಾಯ ಮಾಯುವವರೆಗೆ ದಿನವೂ ಕಿವಿಯನ್ನು ಮಡಚಿ ಒಳಬದಿ ನೋಡುತ್ತಿರಿ. ಮಳೆಗಾಲದಲ್ಲಿ ನೊಣ ಕುಳಿತು ಹುಳ ಬೀಳುವುದು ಬಹಳ ಬೇಗ.

ಮುಂದಿನದು ಲಸಿಕೆ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಇದು ಉಚಿತ, ಸಿಬ್ಬಂದಿ ಊರಿಗೇ ಬರುತ್ತಾರೆ. ಒಂದೆರಡು ದಿನ ಹಾಲು ಇಳಿಯುತ್ತದೆ ಎಂದು ಲಸಿಕೆಯ ದಿನ ರಾಸುಗಳನ್ನು ತೋಟಕ್ಕೆ ಹೊಡೆದುಬಿಡುವವರು ಈಗಲೂ ಇದ್ದಾರೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಇದೇ ರೋಗಕ್ಕೆ ಸಾವಿರಾರು ರಾಸುಗಳು ಬಲಿಯಾದದ್ದನ್ನು ಅವರು ನೆನಪಿಸಿಕೊಳ್ಳಬೇಕು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಬ್ರುಸೆಲ್ಲಾ ಲಸಿಕೆಯನ್ನು ಒಮ್ಮೆ ಹಾಕಿಸಿದರೆ ಸಾಕು. ಆ ವಯಸ್ಸು ದಾಟಲು ಬಿಡಬೇಡಿ. ಬ್ರುಸೆಲ್ಲಾ ತಗುಲಿದ ಹಸು ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ; ಕಂದನ್ನೂ ಮಾಸನ್ನೂ (ಕಸವನ್ನೂ) ಬರಿಗೈಯಲ್ಲಿ ಎತ್ತಿದವರಿಗೂ ರೋಗ ಅಂಟುತ್ತದೆ.

ಕೊಟ್ಟಿಗೆಯಲ್ಲಿ ಒಂದು ರಾಸು ಜೊಲ್ಲು ಸುರಿಸುತ್ತಿದೆ, ಗೊರಸಿನ ಸಂದಿಯಲ್ಲಿ ಹುಣ್ಣಾಗಿದೆ ಅಥವಾ ಮೈಮೇಲೆ ಗಂಟುಗಳೆದ್ದಿವೆ ಎಂದುಕೊಳ್ಳಿ. ಅದನ್ನು ತಕ್ಷಣ ಬೇರೆ ಕಟ್ಟಿ, ನೀರಿನ ಬಾನಿಯನ್ನೂ ಬೇರೆ ಮಾಡಿ, ಗ್ರಾಮ ಪಂಚಾಯಿತಿಗೂ ಪಶು ಆಸ್ಪತ್ರೆಗೂ ತಿಳಿಸಿ. ಜಾನುವಾರುಗಳ ಸಾಂಕ್ರಾಮಿಕ ರೋಗಗಳ ತಡೆಗಾಗಿ 2009ರಲ್ಲಿ ಬಂದ ಕೇಂದ್ರ ಕಾಯ್ದೆಯ ಪ್ರಕಾರ ಹೀಗೆ ತಿಳಿಸುವುದೂ ಬೇರ್ಪಡಿಸುವುದೂ ಮಾಲೀಕರ ಹೊಣೆ. ರೋಗ ಬಂದ ರಾಸನ್ನು ಸಂತೆಗೆ ಹೊಡೆದು ಕೈತೊಳೆದುಕೊಳ್ಳುವುದು ಕಾನೂನಿನ ಮಟ್ಟಿಗೆ ತಪ್ಪು, ಪಕ್ಕದೂರಿನ ಬಡವರ ಮಟ್ಟಿಗೆ ಅನ್ಯಾಯ. ತುರ್ತು ಸಂದರ್ಭದಲ್ಲಿ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ವಿಮೆಯ ವಿಷಯವನ್ನು ತುಸು ನಿಧಾನವಾಗಿ ಹೇಳಬೇಕು, ಏಕೆಂದರೆ ರೈತರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆಯಲ್ಲಿ 2024ರ ಪರಿಷ್ಕರಣೆಯ ನಂತರ ರೈತರು ಕಟ್ಟಬೇಕಾದದ್ದು ಪ್ರೀಮಿಯಂನ ಶೇ 15 ಮಾತ್ರ, ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಪಶುವೈದ್ಯರು ರಾಸಿನ ಆರೋಗ್ಯ ನೋಡಿ ಪ್ರಮಾಣಪತ್ರ ಕೊಡುತ್ತಾರೆ, ಬೆಲೆ ನಿಗದಿಯಾಗುತ್ತದೆ, ಓಲೆ ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆಯುತ್ತಾರೆ. ಪಾಲಿಸಿ ಕೈಗೆ ಬಂದಾಗ ಅದರಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಕೊಟ್ಟಿಗೆಗೇ ಒಯ್ದು ಓಲೆಯ ಜೊತೆ ಅಂಕಿ ಅಂಕಿ ಹೋಲಿಸಿ. ಒಂದು ಅಂಕಿ ಹೆಚ್ಚುಕಡಿಮೆಯಾದರೂ ಅಂದೇ ತಿದ್ದಿಸಿ. ಓಲೆ ಬಿದ್ದುಹೋದರೆ ಹೊಸದನ್ನು ಹಾಕಿಸಿ, ಹೊಸ ಸಂಖ್ಯೆಯನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಓಲೆ ಇಲ್ಲದ ರಾಸಿಗೆ ಪರಿಹಾರ ಸಿಗುವುದಿಲ್ಲ.

ರಾಸು ಸತ್ತರೆ ಹೂಳಲು ಅವಸರ ಮಾಡಬೇಡಿ. ಮೊದಲು ವಿಮಾ ಕಂಪನಿಗೂ ಪಶುವೈದ್ಯರಿಗೂ ತಿಳಿಸಿ, ಓಲೆ ಕಿವಿಯಲ್ಲಿ ಇರುವಂತೆಯೇ ಫೋಟೊ ತೆಗೆಯಿರಿ, ಮರಣೋತ್ತರ ಪರೀಕ್ಷೆ ಮಾಡಿಸಿ. ಆಕಸ್ಮಿಕ ಸಾವಿಗೆ ರಾಜ್ಯ ಸರ್ಕಾರದ ‘ಅನುಗ್ರಹ’ ಯೋಜನೆಯೂ ಇದೆ. 2025–26ರ ಬಜೆಟ್‌ನಲ್ಲಿ ಇದರ ಪರಿಹಾರವನ್ನು ಹಸು, ಎಮ್ಮೆ, ಎತ್ತುಗಳಿಗೆ 15,000 ರೂಪಾಯಿಗೆ, ಕುರಿ ಮೇಕೆಗಳಿಗೆ 7,500 ರೂಪಾಯಿಗೆ ಏರಿಸಲಾಯಿತು.

ಔಷಧದ ಅಂಗಡಿಯಿಂದ ನೇರವಾಗಿ ನೋವಿನ ಚುಚ್ಚುಮದ್ದು ತರುವ ಅಭ್ಯಾಸ ಬಿಡಿ. ಡೈಕ್ಲೋಫೆನಾಕ್ ಅನ್ನು ಜಾನುವಾರುಗಳಿಗೆ ಬಳಸುವುದು 2006ರಿಂದಲೇ ನಿಷಿದ್ಧ. ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ 2023ರಲ್ಲಿ ಆ ಪಟ್ಟಿಗೆ ಸೇರಿದವು. ಅವನ್ನು ಪಡೆದು ಸತ್ತ ರಾಸನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಹಕ್ಕಿಗಳಿಗೆ ನಾವು ಅಷ್ಟಾದರೂ ಮಾಡಬೇಕು. ನೋವು, ಜ್ವರಕ್ಕೆ ಮೆಲಾಕ್ಸಿಕಾಮ್ ಇದೆ, ವೈದ್ಯರನ್ನು ಕೇಳಿ.

ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಟ್ಯೂಬ್ ಏರಿಸಿದ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂದು ಔಷಧದ ಲೇಬಲ್‌ನಲ್ಲಿ ಬರೆದಿರುತ್ತದೆ. ಒಂದೇ ಮೊಲೆಗೆ ಏರಿಸಿದ್ದರೂ ಅಷ್ಟು ದಿನ ನಾಲ್ಕೂ ಮೊಲೆಗಳ ಹಾಲನ್ನು ಚೆಲ್ಲಿ. ನೀವು ಡೇರಿಗೆ ಹಾಕುವ ಒಂದು ಕ್ಯಾನಿನ ಹಾಲು ಇಡೀ ಸಂಘದ ಹಾಲಿನೊಂದಿಗೆ ಬೆರೆಯುತ್ತದೆ. ಚಿಕಿತ್ಸೆಯ ದಿನಾಂಕ, ಔಷಧದ ಹೆಸರು, ಓಲೆಯ ಸಂಖ್ಯೆ ಮೂರನ್ನೂ ಕೊಟ್ಟಿಗೆಯ ಗೋಡೆಗೆ ತೂಗುಹಾಕಿದ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಬೆಳಿಗ್ಗೆ ಹಾಲು ಕರೆಯುವವರು ಮನೆಯ ಬೇರೆ ಯಾರಾದರೂ ಆಗಿರಬಹುದು.