ಆನ್‌ಲೈನ್ ಪೋಕರ್‌ನಲ್ಲಿ ಗೆದ್ದ ದುಡ್ಡಿಗೆ ಟ್ಯಾಕ್ಸ್ ಕಟ್ಟೋದು ಹೇಗೆ: ಟಿಡಿಎಸ್ ಹಿಡ್ಕೊಂಡ್ರೆ ಕೆಲಸ ಮುಗೀಲಿಲ್ಲ

ಆಗಸ್ಟ್ 2025ರಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೆಲ್ಲ ಕೇಂದ್ರದ ಕಾನೂನು ಬ್ಯಾನ್ ಮಾಡ್ತು, ಪೋಕರ್ರು ರಮ್ಮಿ ಫ್ಯಾಂಟಸಿ ಎಲ್ಲಾ ಒಂದೇ ವಾರದಲ್ಲಿ ಬಂದ್, ಆ್ಯಪಲ್ಲಿ ಮಿಕ್ಕಿದ್ದ ದುಡ್ಡನ್ನ ಎಲ್ರೂ ಅರ್ಜೆಂಟಲ್ಲಿ ಬ್ಯಾಂಕಿಗೆ ಎಳ್ಕೊಂಡ್ರು. ಆಟ ನಿಂತೋಯ್ತಲ್ಲ ಇನ್ನೇನ್ ಟ್ಯಾಕ್ಸು ಅಂತ ಸುಮ್ನೆ ಕೂತಿರೋರು ಬಹಳ ಜನ ಇದ್ದಾರೆ. ಏಪ್ರಿಲ್ 2025ರಿಂದ ಬ್ಯಾನ್ ಆಗೋ ತನಕ ಗೆದ್ದಿದ್ದು 2025-26ರ ಆದಾಯ, ಅದನ್ನ 2026-27ರ ಅಸೆಸ್‌ಮೆಂಟ್ ವರ್ಷದ ರಿಟರ್ನಲ್ಲಿ ತೋರಿಸ್ಲೇಬೇಕು. ಏಪ್ರಿಲ್ 1, 2026ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರೆಲ್ಲ ಬದಲಾಗಿದೆ, ಆದ್ರೆ ಈ ದುಡ್ಡಿಗೆ ಹಳೇ ಕಾಯ್ದೆನೇ, ಹಂಗಾಗಿ ಹಳೇ ನಂಬರ್ರೇ ಹೇಳ್ತೀನಿ.

ನಾನು ಸಿಎ ಅಲ್ಲ, ಮನೆಯವರದ್ದು ಫ್ರೆಂಡ್ಸ್‌ದು ರಿಟರ್ನ್ ತುಂಬಿ ತುಂಬಿ ಕಲ್ತಿರೋನು. ಇದ್ರಲ್ಲಿ ತಲೆ ಹಾಕಿದ್ದು ನನ್ನ ತಮ್ಮನಿಂದ. ಇಂಜಿನಿಯರಿಂಗ್ ಓದ್ತಿದ್ದಾಗ ಹಾಸ್ಟೆಲಲ್ಲಿ ಕೂತು ಪೋಕರ್ ಆಡಿ ಒಂದಷ್ಟು ಗೆದ್ದಿದ್ದ. ಅಣ್ಣಾ ನಂಗೆ ಬೇರೆ ಇನ್‌ಕಮ್ಮೇ ಇಲ್ವಲ್ಲ, ಹಿಡ್ಕೊಂಡಿರೋ ಟಿಡಿಎಸ್ ಪೂರ್ತಿ ವಾಪಸ್ ಬರುತ್ತೆ ಅಲ್ವಾ ಅಂತ ಖುಷಿಯಾಗಿ ಫೋನ್ ಮಾಡಿದ್ದ. ಪೂರ್ತಿ ಬರಲ್ಲ ಕಣೋ. ಎಲ್ರೂ ಎಡವೋದೇ ಇಲ್ಲಿ. ಟಿಡಿಎಸ್ ಅಂದ್ರೆ ದುಡ್ಡು ಕೊಡೋವಾಗ್ಲೇ ಕಂಪನಿಯವರು ಹಿಡ್ಕೊಂಡು ಸರ್ಕಾರಕ್ಕೆ ಕಟ್ಟೋ ಟ್ಯಾಕ್ಸು.

ಏಪ್ರಿಲ್ 2023ರಿಂದ ಆನ್‌ಲೈನ್ ಆಟದ ಗೆಲುವಿಗೆ ಅಂತಾನೇ ಬೇರೆ ಸೆಕ್ಷನ್ ಇದೆ, 115ಬಿಬಿಜೆ. ನಿವ್ವಳ ಗೆಲುವಿನ ಮೇಲೆ ಸೀದಾ 30%, ಅದರ ಮೇಲೆ 4% ಸೆಸ್, ಒಟ್ಟು 31.2%. ಸ್ಲ್ಯಾಬ್ ಇಲ್ಲ, ಬೇಸಿಕ್ ಎಕ್ಸೆಂಪ್ಷನ್ ಇಲ್ಲ, 80ಸಿ ಎಲ್ಐಸಿ ಪಿಪಿಎಫ್ ಯಾವುದೂ ಇದಕ್ಕೆ ತಾಗಲ್ಲ. ಹೊಸ ಪದ್ಧತಿಲಿ 12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ ಅಂತಾರಲ್ಲ, ಅದು ರಿಬೇಟಿಂದ ಬರೋದು, ಆ ರಿಬೇಟು ಇಂಥ ಸ್ಪೆಷಲ್ ರೇಟಿನ ಆದಾಯಕ್ಕೆ ಸಿಗಲ್ಲ. ಲ್ಯಾಪ್‌ಟಾಪ್ ತಗೊಂಡೆ, ಇಂಟರ್ನೆಟ್ ಬಿಲ್ ಕಟ್ಟಿದೆ, ಕೋಚಿಂಗ್ ತಗೊಂಡೆ ಅಂತ ಖರ್ಚೂ ಕಳೆಯಂಗಿಲ್ಲ. ನಾನು ಫುಲ್ ಟೈಮ್ ಪೋಕರ್ ಪ್ಲೇಯರ್ರು, ಇದೇ ನನ್ನ ಬಿಸಿನೆಸ್ಸು ಅಂದ್ರೂ ರೇಟು ಅದೇ. ಕೂಲಿ ಮಾಡಿ ದುಡಿದೋನಿಗೆ ಸಿಗೋ ರಿಯಾಯ್ತಿ ಇಸ್ಪೀಟಲ್ಲಿ ಗೆದ್ದೋನಿಗೆ ಯಾಕೆ ಅನ್ನೋದು ಸರ್ಕಾರದ ಲೆಕ್ಕ ಇರ್ಬೇಕು, ಅದ್ರಲ್ಲಿ ನಂಗೇನೂ ತಕರಾರಿಲ್ಲ.

ಈಗ ನಿವ್ವಳ ಗೆಲುವು ಅಂದ್ರೇನು, ಇದೊಂದನ್ನ ಸರಿಯಾಗಿ ಹಿಡ್ಕೊಂಡ್ರೆ ಸಾಕು. ಯಾವ ಟೇಬಲಲ್ಲಿ ಎಷ್ಟ್ ಬಂತು ಯಾವ ಟೂರ್ನಮೆಂಟಲ್ಲಿ ಎಷ್ಟ್ ಹೋಯ್ತು ಅಂತ ಒಂದೊಂದೇ ಆಟ ಕೂಡೋದು ಬೇಡ, ದುಡ್ಡು ಆ್ಯಪ್ ಒಳಗೆ ಎಷ್ಟ್ ಹೋಯ್ತು ಎಷ್ಟ್ ಹೊರಗೆ ಬಂತು ಅಷ್ಟೇ. ಆದಾಯ ತೆರಿಗೆ ನಿಯಮ 133 ಹೇಳೋದು ಹಿಂಗೆ: ವರ್ಷದಲ್ಲಿ ನೀವು ವಿತ್‌ಡ್ರಾ ಮಾಡಿದ್ದಕ್ಕೆ ಮಾರ್ಚ್ 31ಕ್ಕೆ ಆ್ಯಪಲ್ಲಿ ಉಳಿದಿದ್ದನ್ನ ಸೇರಿಸಿ, ಅದ್ರಿಂದ ಕೈಯಿಂದ ಹಾಕಿದ ಡೆಪಾಸಿಟ್ಟನ್ನೂ ಏಪ್ರಿಲ್ 1ಕ್ಕೆ ಇದ್ದ ಬ್ಯಾಲೆನ್ಸನ್ನೂ ಕಳೀರಿ. ಉಳಿದಿದ್ದೇ ನಿವ್ವಳ ಗೆಲುವು. ಕಂಪನಿಯವರು ಕೊಟ್ಟ ಬೋನಸ್ಸು ರೆಫರಲ್ ದುಡ್ಡು ನಿಮ್ಮ ಡೆಪಾಸಿಟ್ ಅಂತ ಲೆಕ್ಕಕ್ಕೆ ಬರಲ್ಲ, ಅದು ವಿತ್‌ಡ್ರಾ ಮಾಡೋ ತರ ಆದ್ರೆ ಗೆಲುವಿಗೇ ಸೇರುತ್ತೆ. ಆಟಕ್ಕೆ ಮಾತ್ರ ಬಳಸೋ, ತೆಗೆಯೋಕಾಗ್ದಿರೋ ಬೋನಸ್ಸನ್ನ ಬಿಟ್ಬಿಡಿ.

ಬ್ಯಾನಿಗೆ ಮುಂಚೆ ತಮ್ಮ ಆಡಿದ ಒಂದು ವರ್ಷದ ಲೆಕ್ಕಾನ ರೌಂಡ್ ಫಿಗರ್ ಮಾಡಿ ಹೇಳ್ತೀನಿ. ಏಪ್ರಿಲಲ್ಲಿ ಆ್ಯಪಲ್ಲಿ ಸೊನ್ನೆ ಇತ್ತು, 40,000 ಹಾಕ್ದ. ಜೂನಲ್ಲಿ 30,000 ತೆಗ್ದ, ಹಾಕಿದ್ದಕ್ಕಿಂತ ಕಮ್ಮಿನೇ ಆದ್ರಿಂದ ಒಂದ್ ರೂಪಾಯಿ ಟಿಡಿಎಸ್ ಇಲ್ಲ. ಸೆಪ್ಟೆಂಬರಲ್ಲಿ ಮತ್ತೆ 50,000 ತೆಗ್ದ, ಈಗ ಒಟ್ಟು ತೆಗ್ದಿದ್ದು 80,000, ಹಾಕಿದ್ದು 40,000, ಮಿಕ್ಕಿದ 40,000ಕ್ಕೆ 30% ಅಂದ್ರೆ 12,000 ಹಿಡ್ಕೊಂಡು 38,000 ಕಳ್ಸಿದ್ರು. ಅಲ್ಲಿಗೆ ನಿಲ್ಸಿದ್ರೆ ಚೆನ್ನಾಗಿತ್ತು. ಡಿಸೆಂಬರಲ್ಲಿ ಇನ್ನೊಂದ್ 25,000 ಸುರಿದು ಹೆಚ್ಚುಕಮ್ಮಿ ಎಲ್ಲಾನೂ ಕಳ್ಕೊಂಡ, ಮಾರ್ಚ್ 31ಕ್ಕೆ ಉಳಿದಿದ್ದು 5,000.

ವರ್ಷದ ಲೆಕ್ಕ ಹಾಕಿ ನೋಡಿ. ತೆಗ್ದಿದ್ದು 80,000, ಉಳಿದಿದ್ದು 5,000, ಒಟ್ಟು 85,000. ಹಾಕಿದ್ದು 65,000. ನಿವ್ವಳ ಗೆಲುವು ಬರೀ 20,000. ಇದಕ್ಕೆ 30% ಅಂದ್ರೆ 6,000, ಸೆಸ್ 240, ಒಟ್ಟು 6,240 ರೂಪಾಯಿ. ಹಿಡ್ಕೊಂಡಿದ್ದು 12,000. ಅಂದ್ರೆ 5,760 ವಾಪಸ್ ಬರ್ಬೇಕು, ರಿಟರ್ನ್ ಹಾಕಿದ್ರೆ ಮಾತ್ರ. ಕಂಪನಿಯವರು ತಾವಾಗೇ ವಾಪಸ್ ಕೊಡಲ್ಲ, ಅವರು ಹಿಡಿದಿದ್ದನ್ನ ಆಗ್ಲೇ ಸರ್ಕಾರಕ್ಕೆ ಕಟ್ಟಿರ್ತಾರೆ.

ಇದರ ಉಲ್ಟಾನೂ ಇದೆ, ಅದೇ ಜಾಸ್ತಿ ಜನರದ್ದು. ವರ್ಷ ಪೂರ್ತಿ ಗೆದ್ದು 1 ಲಕ್ಷ ನಿವ್ವಳ ಆಯ್ತು, ಟಿಡಿಎಸ್ 30,000 ಹೋಯ್ತು, ಎಲ್ಲಾ ಕಟ್ಟಾಗಿದೆ ಅನ್ಕೊಂಡು ಆರಾಮಾಗಿರ್ತೀರ. ಆದ್ರೆ ಭಾರತದಲ್ಲೇ ಇರೋರಿಗೆ ಸೆಕ್ಷನ್ 194ಬಿಎ ಪ್ರಕಾರ ಟಿಡಿಎಸ್ ಹಿಡಿಯೋವಾಗ ಸೆಸ್ ಸೇರಿಸಲ್ಲ, ಟ್ಯಾಕ್ಸ್ ಆಗೋದು 31,200, ಆ 1,200 ನೀವೇ ಕಟ್ಬೇಕು. ಒಟ್ಟು ಆದಾಯ 50 ಲಕ್ಷ ದಾಟಿದ್ರೆ ಸರ್ಚಾರ್ಜ್ ಅಂತ ಟ್ಯಾಕ್ಸ್ ಮೇಲೆ ಇನ್ನೊಂದಿಷ್ಟು ಟ್ಯಾಕ್ಸ್ ಕೂಡ ಸೇರ್ಕೊಳುತ್ತೆ.

ಎರಡ್ಮೂರು ಆ್ಯಪಲ್ಲಿ ಆಡ್ತಿದ್ದೋರಿಗೆ ಒಂದ್ ಮಾತು. ಒಂದೇ ಕಂಪನಿಲಿ ಎರಡು ಅಕೌಂಟ್ ಇದ್ರೆ ಅವನ್ನ ಸೇರಿಸಿ ಲೆಕ್ಕ ಹಾಕ್ತಾರೆ, ಆದ್ರೆ ಈ ಕಂಪನಿಯವರು ಟಿಡಿಎಸ್ ಹಿಡಿಯೋವಾಗ ಆ ಕಂಪನಿಲಿ ನೀವು ಕಳ್ಕೊಂಡಿದ್ದು ನೋಡಲ್ಲ. ಅಲ್ಲಿ ಸೋತಿದ್ದೀನಿ ಅಂತ ಇಲ್ಲಿಯ ಗೆಲುವಿಂದ ಕಳೆಯೋಕೆ ನಾನಂತೂ ಹೋಗಲ್ಲ, ನೀವೂ ಹೋಗ್ಬೇಡಿ. ಸೋಲನ್ನ ಸಂಬಳದ ಎದುರು ತೋರ್ಸೋಕೂ ಆಗಲ್ಲ, ಮುಂದಿನ ವರ್ಷಕ್ಕೆ ಎಳ್ಕೊಂಡ್ ಹೋಗೋಕೂ ಆಗಲ್ಲ. ಅಮ್ಮನ ಪ್ಯಾನ್ ಹಾಕಿ ಆಡ್ತಿದ್ದೋರು ಇನ್ನೊಂದು ಗುಂಪು, ಟಿಡಿಎಸ್ಸೆಲ್ಲ ಅಮ್ಮನ ಹೆಸರಲ್ಲಿ ಬಂದಿರುತ್ತೆ, ನೋಟಿಸ್ ಬಂದಾಗ ಪಾಪ ಆಯಮ್ಮಂಗೆ ಪೋಕರ್ ಅಂದ್ರೇನು ಅಂತಾನೂ ಗೊತ್ತಿರಲ್ಲ.

ಸರಿ, ಕೆಲಸಕ್ಕೆ ಬರೋಣ. ಮೊದಲು ಆ್ಯಪ್ ಅಥವಾ ವೆಬ್‌ಸೈಟಿಂದ ಇಡೀ ವರ್ಷದ ಲೆಡ್ಜರ್ ಸ್ಟೇಟ್‌ಮೆಂಟು, ಫಾರ್ಮ್ 16ಎ (ಟಿಡಿಎಸ್ ಸರ್ಟಿಫಿಕೇಟು) ಇಳಿಸ್ಕೊಳಿ, ಇದನ್ನ ಇವತ್ತೇ ಮಾಡಿ, ಬಂದ್ ಆಗಿರೋ ಧಂದೆ, ಲಾಗಿನ್ ಎಷ್ಟ್ ದಿನ ಇಟ್ಟಿರ್ತಾರೋ ಹೇಳಕ್ಕಾಗಲ್ಲ. ತಮ್ಮಂದು ಒಂದು ಆ್ಯಪಲ್ಲಿ ಹಳೇ ಸ್ಟೇಟ್‌ಮೆಂಟ್ ಸಿಗದೆ ಬ್ಯಾಂಕ್ ಪಾಸ್‌ಬುಕ್ಕಲ್ಲಿ ಯುಪಿಐ ಎಂಟ್ರಿ ಒಂದೊಂದೇ ಹುಡುಕಿ ಎರಡು ಭಾನುವಾರ ಹಾಳಾಯ್ತು. ಆಮೇಲೆ ಇನ್‌ಕಮ್ ಟ್ಯಾಕ್ಸ್ ಪೋರ್ಟಲಲ್ಲಿ ಲಾಗಿನ್ ಆಗಿ 26ಎಎಸ್ (ನಿಮ್ಮ ಪ್ಯಾನಿಗೆ ಕಟ್ಟಿರೋ ಟಿಡಿಎಸ್ ಪಟ್ಟಿ) ಮತ್ತು ಎಐಎಸ್ (ನಿಮ್ಮ ಆದಾಯದ ಬಗ್ಗೆ ಇಲಾಖೆ ಹತ್ರ ಇರೋ ಮಾಹಿತಿ) ತೆಗೀರಿ, 194ಬಿಎ ಅಂತ ಇರೋ ಎಂಟ್ರಿಗಳನ್ನೆಲ್ಲ ನಿಮ್ಮ ಲೆಕ್ಕದ ಜೊತೆ ತಾಳೆ ನೋಡಿ.

ಫಾರ್ಮ್ ಐಟಿಆರ್-2. ಬಿಸಿನೆಸ್ ಆದಾಯನೂ ಇದ್ರೆ ಐಟಿಆರ್-3. ಸಂಬಳದವರು ಅಭ್ಯಾಸಬಲದಲ್ಲಿ ಐಟಿಆರ್-1 ಒತ್ತಿಬಿಡ್ತಾರೆ, ಅದ್ರಲ್ಲಿ ಈ ಗೆಲುವು ತೋರ್ಸೋಕೆ ಜಾಗಾನೇ ಇಲ್ಲ. ಐಟಿಆರ್-2ರಲ್ಲಿ ಶೆಡ್ಯೂಲ್ ಒಎಸ್ ಅಂದ್ರೆ ಇತರೆ ಮೂಲದ ಆದಾಯ, ಅಲ್ಲಿ ಆನ್‌ಲೈನ್ ಗೇಮ್ 115ಬಿಬಿಜೆ ಅನ್ನೋ ಸಾಲಲ್ಲಿ ವರ್ಷದ ನಿವ್ವಳ ಗೆಲುವು ಹಾಕಿ. ಕೈಗೆ ಬಂದ ದುಡ್ಡಲ್ಲ, ಟಿಡಿಎಸ್ ಕಳೆಯೋಕೆ ಮುಂಚಿನ ಮೊತ್ತ. ಕೆಳಗೆ ಯಾವ ಅವಧಿಲಿ ಎಷ್ಟು ಬಂತು ಅಂತ ಐದು ಭಾಗ ಕೇಳುತ್ತೆ, ಜೂನ್ 15ರವರೆಗೆ, ಸೆಪ್ಟೆಂಬರ್ 15ರವರೆಗೆ ಹಿಂಗೆ, ಅದನ್ನೂ ತುಂಬಿ. ಶೆಡ್ಯೂಲ್ ಎಸ್ಐ ಅಂದ್ರೆ ಸ್ಪೆಷಲ್ ರೇಟಿನ ಆದಾಯದ ಪಟ್ಟಿ, ಅಲ್ಲಿಗೆ ಅದು ತಾನಾಗೇ ಹೋಗಿ 30% ಲೆಕ್ಕ ಆಗಿರುತ್ತೆ, ಒಂದ್ಸಲ ಕಣ್ಣಾಡ್ಸಿ. ಟಿಡಿಎಸ್ ಶೆಡ್ಯೂಲಲ್ಲಿ ಸಂಬಳದ್ದು ಬೇರೆ, ಇದು ಬೇರೆ ಪಟ್ಟಿಲಿ ಬರುತ್ತೆ, ಅಲ್ಲಿ ಕ್ಲೇಮ್ ಆಗಿದ್ಯಾ ನೋಡ್ಕೊಳಿ.

ನನ್ನ ತಮ್ಮನ ತರ ಎಐಎಸ್‌ನಲ್ಲಿ 40,000 ಇದ್ದು ರಿಟರ್ನಲ್ಲಿ 20,000 ತೋರಿಸ್ತಿದ್ರೆ ಇಲಾಖೆ ಕೇಳೋ ಚಾನ್ಸ್ ಇದೆ. ಭಯ ಬೇಡ, ಎಐಎಸ್‌ನಲ್ಲೇ ಫೀಡ್‌ಬ್ಯಾಕ್ ಕೊಡೋಕೆ ಆಗುತ್ತೆ, ಲೆಡ್ಜರ್ ಪಿಡಿಎಫ್ ಇಟ್ಕೊಂಡಿರಿ.

ಬಾಕಿ ಬಂದ್ರೆ ಇ-ಪೇ ಟ್ಯಾಕ್ಸಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್, ಕೋಡ್ 300, ಅಂತ ಆರಿಸಿ ಕಟ್ಟಿ ಚಲನ್ ನಂಬರ್ ರಿಟರ್ನಲ್ಲಿ ಹಾಕಿ. ಐಟಿಆರ್-2ಕ್ಕೆ ಕೊನೇ ದಿನ ಜುಲೈ 31. ತಪ್ಪಿದ್ರೆ ಡಿಸೆಂಬರ್ 31ರವರೆಗೆ ಲೇಟ್ ಫೀ ಸಮೇತ ಹಾಕ್ಬೋದು, ಆದಾಯ 5 ಲಕ್ಷದೊಳಗಿದ್ರೆ 1,000, ಮೇಲಿದ್ರೆ 5,000. ಅದೂ ದಾಟಿದ್ರೆ ಐಟಿಆರ್-ಯು ಅಂತ ಅಪ್‌ಡೇಟೆಡ್ ರಿಟರ್ನ್ ಒಂದಿದೆ, ಆದ್ರೆ ಅದ್ರಲ್ಲಿ ರಿಫಂಡ್ ಕೇಳೋ ಹಂಗಿಲ್ಲ, ಹಂಗಾಗಿ ರಿಫಂಡ್ ಬರ್ಬೇಕಾದೋರು ಡಿಸೆಂಬರ್ ದಾಟಿಸ್ಬೇಡಿ.

ಗೋವಾ ಕ್ಯಾಸಿನೋಗೆ ಹೋಗಿ ಟೇಬಲಲ್ಲಿ ಗೆದ್ದಿದ್ದು ಈ ಲೆಕ್ಕಕ್ಕೆ ಬರಲ್ಲ, ಅದು 115ಬಿಬಿ, ರೇಟು ಅದೇ 30% ಆದ್ರೂ ರಿಟರ್ನಲ್ಲಿ ಸಾಲು ಬೇರೆ. ಫಾರಿನ್ ಸೈಟಲ್ಲಿ ಆಡಿದ್ರೆ ಅವರು ಟಿಡಿಎಸ್ ಹಿಡಿದಿಲ್ಲ ಅಂದ ಮಾತ್ರಕ್ಕೆ ಟ್ಯಾಕ್ಸ್ ತಪ್ಪಲ್ಲ, ಅದ್ರಲ್ಲಿ ವಿದೇಶಿ ಆಸ್ತಿ, ಫೆಮಾ (ವಿದೇಶಿ ವಿನಿಮಯದ ಕಾನೂನು) ಅಂತ ಬೇರೆ ತಲೆನೋವಿದೆ, ಅಂಥೋರು ದಯವಿಟ್ಟು ಒಬ್ಬ ಸಿಎ ಹತ್ರ ಹೋಗಿ.

ಸಬ್ಮಿಟ್ ಒತ್ತಿ ಲ್ಯಾಪ್‌ಟಾಪ್ ಮುಚ್ಬೇಡಿ, ಆಧಾರ್ ಒಟಿಪಿ ಹಾಕಿ ಇ-ವೆರಿಫೈ ಮಾಡ್ಲೇಬೇಕು, ಅದಕ್ಕೆ 30 ದಿನ ಟೈಮ್. ನನ್ನ ತಮ್ಮ ಅದನ್ನ ಮರ್ತು 28ನೇ ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ.