ಕಣ್ಣುಕುಟಿಕೆಗೂ ಒಂದು ಚೆಕ್‌ರೋಲ್: ನನ್ನ ಅನುಭವ

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿ ಕೆಲಸಕ್ಕೆ ಸೇರಿ 22 ವರ್ಷಗಳಾದವು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಕುಯ್ಲಿನ ದಿನಗಳಲ್ಲಿ ಸಂಜೆ ಹಣ್ಣಿನ ಚೀಲಗಳನ್ನು ತೂಗಿಸಿ ಲೆಕ್ಕ ಬರೆಯುವುದು, ಕಣದಲ್ಲಿ ಒಣಗುವ ಕಾಫಿಯ ಮೇಲೆ ಕಣ್ಣಿಡುವುದು ನನ್ನ ಕೆಲಸ. ವೈದ್ಯಕೀಯ ನನ್ನ ಕ್ಷೇತ್ರವಲ್ಲ. ಆದರೂ ಇದನ್ನು ಬರೆಯಲು ಕಾರಣವೆಂದರೆ, ಎರಡು ಕುಯ್ಲುಗಳ ಅವಧಿಯಲ್ಲಿ ನನಗೆ ಐದು ಸಲ ಕಣ್ಣುಕುಟಿಕೆ ಎದ್ದಿತ್ತು. ಅದು ಏಕೆ ಬರುತ್ತಿದೆ ಎಂಬುದನ್ನು ತಿಳಿಯಲು ನಾನು ಚೆಕ್‌ರೋಲಿನಂತೆಯೇ, ಅಂದರೆ ಆಳುಗಳ ಹಾಜರಿ ಪುಸ್ತಕದಂತೆಯೇ, ಒಂದು ಪುಸ್ತಕವನ್ನು ಇಟ್ಟು, ವೈದ್ಯರ ಮಾತನ್ನು ಅದರೊಂದಿಗೆ ತಾಳೆ ನೋಡುತ್ತ, ಕಡೆಗೆ ನನ್ನ ಎಣಿಕೆಯೇ ತಪ್ಪೆಂದು ಒಪ್ಪಿಕೊಳ್ಳಬೇಕಾಯಿತು.

ಮೊದಲ ಕುಟಿಕೆ ಬಲಗಣ್ಣಿನ ಕೆಳರೆಪ್ಪೆಯ ಅಂಚಿನಲ್ಲಿ, ಡಿಸೆಂಬರ್ ಕೊನೆಯಲ್ಲಿ ಎದ್ದಿತು. ಬೆಳಿಗ್ಗೆ ಎದ್ದಾಗ ರೆಪ್ಪೆಯೊಳಗೆ ಮರಳಿನ ಕಾಳು ಸಿಕ್ಕಿದಂತೆ ಚುಚ್ಚುತ್ತಿತ್ತು, ಸಂಜೆಗೆ ಕೆಂಪಾಗಿ ಊದಿ ಮುಟ್ಟಿದರೆ ನೋಯುವಂತಾಯಿತು, ಮೂರನೆಯ ದಿನ ಒಂದು ರೆಪ್ಪೆಗೂದಲಿನ ಬುಡದಲ್ಲಿ ಹಳದಿ ಕೀವಿನ ತುದಿ ಕಾಣಿಸಿತು. ಅಕ್ಕಪಕ್ಕದವರು ಹೇಳಿದ ಮದ್ದುಗಳಿಗೆ ಕೊರತೆಯಿರಲಿಲ್ಲ. ಲವಂಗವನ್ನು ನೀರಿನಲ್ಲಿ ತೇಯ್ದು ಹಚ್ಚಬೇಕೆಂದು ಒಬ್ಬರು, ನಂದಿಬಟ್ಟಲು ಹೂವಿನ ರಸ ಬಿಡಬೇಕೆಂದು ಇನ್ನೊಬ್ಬರು, ಚಿನ್ನದ ಉಂಗುರವನ್ನು ಅಂಗೈಗೆ ಉಜ್ಜಿ ಬಿಸಿ ಮಾಡಿ ಒತ್ತಬೇಕೆಂದು ನನ್ನ ಅತ್ತೆ. ಲವಂಗವನ್ನು ಹಚ್ಚಿಕೊಂಡೆ, ಅದು ಕಣ್ಣೊಳಗೆ ಇಳಿದು ಅರ್ಧ ಗಂಟೆ ಉರಿಯಿತು, ಕುಟಿಕೆಗೇನೂ ಆಗಲಿಲ್ಲ. ಉಂಗುರದಿಂದ ಹಾನಿಯಿರಲಿಲ್ಲ. ಈ ಎಲ್ಲ ಮದ್ದುಗಳ ಪೈಕಿ ಅತ್ತೆಯದರಲ್ಲಿ ಮಾತ್ರ ಒಂದಿಷ್ಟು ತಥ್ಯವಿತ್ತೆಂದು ನನಗೆ ಬಹಳ ತಡವಾಗಿ ತಿಳಿಯಿತು, ಏಕೆಂದರೆ ಕೆಲಸ ಮಾಡುವುದು ಬಿಸಿಯೇ ಹೊರತು ಚಿನ್ನವಲ್ಲ.

ಮೂರನೆಯ ಸಲ ಬಂದಾಗ ನಾನು ಪುಸ್ತಕ ತೆರೆದೆ. ದಿನಾಂಕ, ಯಾವ ಕಣ್ಣು, ಮೇಲಿನ ರೆಪ್ಪೆಯೋ ಕೆಳಗಿನದೋ, ಅದರ ಹಿಂದಿನ ವಾರ ಎಲ್ಲಿ ಕೆಲಸ, ಎಷ್ಟು ನಿದ್ದೆ, ಏನು ಊಟ ಎಂಬುದನ್ನೆಲ್ಲ ಬರೆದಿಟ್ಟೆ. ಮೊದಲೆರಡನ್ನು ನೆನಪಿನಿಂದ ಸೇರಿಸಿದೆ. ಮೂರೂ ಬಂದದ್ದು ಕಣದ ಕೆಲಸದ ದಿನಗಳಲ್ಲಿ. ಒಣಗಿದ ಚೆರ್ರಿಯನ್ನು, ಅಂದರೆ ಸಿಪ್ಪೆಸಹಿತ ಕಾಫಿ ಹಣ್ಣನ್ನು, ಎಳೆದು ರಾಶಿ ಹಾಕುವಾಗ, ಆ ಮೇಲೆ ಮೆಣಸಿನ ಗೊಂಚಲನ್ನು ತುಳಿಸಿ ಬಿಡಿಸುವಾಗ ಏಳುವ ಧೂಳನ್ನು ಕಂಡವರಿಗೆ ನನ್ನ ತೀರ್ಮಾನ ಆಶ್ಚರ್ಯವೆನಿಸದು: ಧೂಳೇ ಕಾರಣ, ಜೊತೆಗೆ ಮೈಯ ಉಷ್ಣ. ಪೇಟೆಯಿಂದ ಬದಿ ಮುಚ್ಚುವ ಪ್ಲಾಸ್ಟಿಕ್ ಕನ್ನಡಕ ತರಿಸಿ ಹಾಕಿಕೊಂಡೆ. ಬೆವರಿನ ಹಬೆಗೆ ಅದು ಹತ್ತು ನಿಮಿಷಕ್ಕೊಮ್ಮೆ ಮಬ್ಬಾಗುತ್ತಿತ್ತು, ಪ್ರತಿ ಸಲವೂ ತೆಗೆದು ಹೆಗಲ ಮೇಲಿನ ಟವೆಲಿನಿಂದ ಗಾಜನ್ನೂ ಕಣ್ಣನ್ನೂ ಒರೆಸಿ ಮತ್ತೆ ಏರಿಸುತ್ತಿದ್ದೆ. ನಾಲ್ಕನೆಯ ಕುಟಿಕೆ ಬಂದದ್ದು ಆ ಕನ್ನಡಕ ಹಾಕಿಕೊಂಡ ಹದಿನೈದು ದಿನಗಳೊಳಗೆ, ಅದೂ ಮೇಲಿನ ರೆಪ್ಪೆಯ ಒಳಬದಿಯಲ್ಲಿ, ಹಿಂದಿನವುಗಳಿಗಿಂತ ಹೆಚ್ಚು ನೋವಿನೊಂದಿಗೆ.

ಆಗ ಮಡಿಕೇರಿಗೆ ಹೋಗಿ ಕಣ್ಣಿನ ವೈದ್ಯರೊಬ್ಬರನ್ನು ಕಂಡೆ. ನನ್ನ ಪುಸ್ತಕವನ್ನು ಅವರು ನಗದೆ ಪೂರ್ತಿ ಓದಿದರು. ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಗೌರವವಿದೆ. ಬಳಿಕ ಗಲ್ಲವನ್ನು ಉಪಕರಣದ ಮೇಲಿಡಿಸಿ ರೆಪ್ಪೆಯ ಅಂಚನ್ನು ನೋಡಿ, ತಲೆಯಲ್ಲಿ ಹೊಟ್ಟು ಇದೆಯೇ, ರಕ್ತದ ಸಕ್ಕರೆ ನೋಡಿಸಿದ್ದೀರಾ, ಓದುವಾಗ ಕಣ್ಣು ಕಿರಿದು ಮಾಡುತ್ತೀರಾ, ಕಣ್ಣು ಉಜ್ಜುವ ಅಭ್ಯಾಸ ಇದೆಯೇ ಎಂದು ಒಂದೊಂದಾಗಿ ಕೇಳಿದರು. ಉಜ್ಜುವುದಿಲ್ಲವೆಂದು ನಾನು ಖಚಿತವಾಗಿ ಹೇಳಿದೆ. ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ, "ದಿನವಿಡೀ ಉಜ್ಜುತ್ತಾರೆ ಡಾಕ್ಟ್ರೇ, ಅವರಿಗೇ ಗೊತ್ತಿಲ್ಲ" ಎಂದಳು.

ಆ ಭಾನುವಾರ ಮಗಳನ್ನು ಎದುರಿಗೆ ಕೂರಿಸಿ, ನಾನು ಕಣ್ಣನ್ನು ಮುಟ್ಟಿದಾಗಲೆಲ್ಲ ಒಂದು ಗೀಟು ಎಳೆಯಲು ಹೇಳಿದೆ. ಬೆಳಗಿನ ತಿಂಡಿಯಿಂದ ರಾತ್ರಿಯ ಊಟದವರೆಗೆ 31 ಗೀಟುಗಳಾದವು. ನನ್ನ ನೆನಪಿನಲ್ಲಿ ಇದ್ದುದು ಮೂರೋ ನಾಲ್ಕೋ. ಆಳುಗಳ ಹಾಜರಿಯಲ್ಲಿ ಒಂದು ಅರ್ಧ ದಿನದ ತಪ್ಪನ್ನೂ ಬಿಡದ ನಾನು ನನ್ನ ಕೈಯ ಲೆಕ್ಕವನ್ನೇ ಬರೆದಿರಲಿಲ್ಲ.

ವೈದ್ಯರು ವಿವರಿಸಿದ್ದನ್ನು ನಾನು ಅರ್ಥ ಮಾಡಿಕೊಂಡ ಬಗೆ ಹೀಗಿದೆ. ರೆಪ್ಪೆಗೂದಲಿನ ಬುಡಕ್ಕೆ ಹೊಂದಿಕೊಂಡು ಝೈಸ್ ಮತ್ತು ಮೋಲ್ ಎಂಬ ಹೆಸರಿನ ಪುಟ್ಟ ಗ್ರಂಥಿಗಳಿವೆ. ರೆಪ್ಪೆಯ ಒಳಗಿನ ಗಟ್ಟಿ ಪದರದಲ್ಲಿ ಮೈಬೋಮಿಯನ್ ಗ್ರಂಥಿಗಳು ಸಾಲಾಗಿ ನಿಂತಿವೆ, ಮೇಲಿನ ರೆಪ್ಪೆಯಲ್ಲಿ 25ರಿಂದ 40ರಷ್ಟು, ಕೆಳಗಿನದರಲ್ಲಿ ಅದಕ್ಕಿಂತ ಕಡಿಮೆ. ಇವು ಸ್ರವಿಸುವ ತೆಳು ಎಣ್ಣೆ ಕಣ್ಣೀರಿನ ಮೇಲೆ ಹರಡಿ ಅದು ಬೇಗ ಆರದಂತೆ ಕಾಯುತ್ತದೆ. ಎಣ್ಣೆ ಗಟ್ಟಿಯಾಗಿಯೋ, ಅಂಚಿನಲ್ಲಿ ಕೊಳೆ ಕಟ್ಟಿಯೋ ಗ್ರಂಥಿಯ ಬಾಯಿ ಮುಚ್ಚಿದಾಗ, ಚರ್ಮದ ಮೇಲೆ ಸಾಮಾನ್ಯವಾಗಿಯೇ ಇರುವ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಕೀವು ಕಟ್ಟುತ್ತದೆ. ಬಹುಪಾಲು ಕುಟಿಕೆಗಳಲ್ಲಿ ಸಿಗುವುದು ಸ್ಟ್ಯಾಫಿಲೋಕಾಕಸ್ ಆರಿಯಸ್. ಆರೋಗ್ಯವಂತರಲ್ಲಿಯೂ ಸುಮಾರು ಮೂವರಲ್ಲೊಬ್ಬರ ಮೂಗಿನ ಹೊಳ್ಳೆಯಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ.

ಈ ಮೂಗಿನ ಮಾತು ಕೇಳಿದ ಮೇಲೆ ನನಗೆ ಕಣದ ಧೂಳಿನ ಪಾತ್ರ ಬೇರೆಯಾಗಿ ಕಾಣತೊಡಗಿತು. ಧೂಳು ತಾನಾಗಿಯೇ ಕುಟಿಕೆಯನ್ನು ಎಬ್ಬಿಸುತ್ತಿರಲಿಲ್ಲ. ಧೂಳಿಗೆ ಸೀನು ಬರುತ್ತಿತ್ತು, ಸೀನಿದ ಮೇಲೆ ಟವೆಲಿನಿಂದ ಮೂಗು ಒರೆಸುತ್ತಿದ್ದೆ, ಕಣ್ಣು ತುರಿಸಿದಾಗ ಅದೇ ಟವೆಲು ಅಥವಾ ಅದೇ ಬೆರಳು ರೆಪ್ಪೆಗೆ ಹೋಗುತ್ತಿತ್ತು. ಐದೇ ಪ್ರಕರಣಗಳಿಂದ ಇದನ್ನು ಸಿದ್ಧಾಂತವೆಂದು ಹೇಳಿದರೆ ಅತಿಯಾದೀತು. ಆದರೆ ಅದೇ ಕಣದಲ್ಲಿ, ಅದೇ ಧೂಳಿನಲ್ಲಿ ನನಗಿಂತ ಹೆಚ್ಚು ಹೊತ್ತು ನಿಲ್ಲುವ ಆಳುಗಳಲ್ಲಿ ಹೆಚ್ಚಿನವರಿಗೆ ಕುಟಿಕೆ ಏಳದೆ ನನಗೆ ಮಾತ್ರ ಮತ್ತೆ ಮತ್ತೆ ಏಳುತ್ತಿದ್ದುದಕ್ಕೆ ಧೂಳಿನಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದುದು ನನ್ನ ರೆಪ್ಪೆಯ ಅಂಚಿನಲ್ಲಿ. ಅಲ್ಲಿ ಕೂದಲಿನ ಬುಡಗಳಿಗೆ ತಲೆಹೊಟ್ಟಿನಂಥ ಸಣ್ಣ ಹೊಪ್ಪಳೆಗಳು ಅಂಟಿಕೊಂಡಿದ್ದವು. ಬ್ಲೆಫರೈಟಿಸ್ ಎಂದು ಕರೆಯುವ ಈ ದೀರ್ಘಕಾಲದ ಉರಿಯೂತ ಇದ್ದವರಿಗೆ ಕುಟಿಕೆ ಮರುಕಳಿಸುವುದು ಸಾಮಾನ್ಯ. ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುವುದು, ಅಂಚು ಸದಾ ಸ್ವಲ್ಪ ಕೆಂಪಾಗಿರುವುದು, ಸಂಜೆ ಕಣ್ಣು ಒಣಗಿ ಉರಿಯುವುದು ಅದರ ಲಕ್ಷಣಗಳಂತೆ; ಇವನ್ನೆಲ್ಲ ನಾನು ವರ್ಷಗಟ್ಟಲೆ ನಿದ್ದೆಗೇಡಿನ ಖಾತೆಗೆ ಬರೆದಿದ್ದೆ.

ಉಳಿದ ಪ್ರಶ್ನೆಗಳು ಬೇಗ ಇತ್ಯರ್ಥವಾದವು. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರಿಗೆ ಇಂಥ ಸೋಂಕುಗಳು ಹೆಚ್ಚೆಂದು ನನ್ನ ರಕ್ತವನ್ನು ಪರೀಕ್ಷಿಸಿದರು, ಅದು ಸರಿಯಿತ್ತು. ಚಾಳೀಸು ಬಂದಿತ್ತು. ದೀಪದ ಮಂದ ಬೆಳಕಿನಲ್ಲಿ ಚೆಕ್‌ರೋಲನ್ನು ಕನ್ನಡಕವಿಲ್ಲದೆ ಬರೆಯುತ್ತ ಕಣ್ಣು ಸೋತಾಗಲೆಲ್ಲ ಉಜ್ಜುತ್ತಿದ್ದ ನನಗೆ 1.50 ಪವರಿನ ಓದುವ ಕನ್ನಡಕ ಬಂದ ಮೇಲೆ ಸಂಜೆಯ ಗೀಟುಗಳು ತಾವಾಗಿಯೇ ಕಡಿಮೆಯಾದವು.

ಇನ್ನು ನಾನು ಮಾಡಿದ ಕೆಲಸ. ಮೊದಲನೆಯದು ಶಾಖ. ಹಳೆಯ ಬಿಳಿ ಪಂಚೆಯನ್ನು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿ, ಕುದಿಸಿ, ಒಣಗಿಸಿ ಡಬ್ಬಿಯಲ್ಲಿ ಇಟ್ಟೆ. ಸ್ನಾನದ ಹಂಡೆಯ ನೀರನ್ನಲ್ಲ, ಅಡುಗೆಮನೆಯಲ್ಲಿ ಕಾಯಿಸಿದ ನೀರನ್ನು ಪಾತ್ರೆಗೆ ಬಗ್ಗಿಸಿಕೊಂಡು, ಮಣಿಕಟ್ಟಿನ ಒಳಬದಿಗೆ ತಾಗಿಸಿದಾಗ ಹಿತವೆನಿಸುವಷ್ಟು ಬಿಸಿಯಿರುವಾಗ ತುಂಡನ್ನು ಅದ್ದಿ, ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಇಡುತ್ತಿದ್ದೆ. ಕೊಡಗಿನ ಜನವರಿಯ ಬೆಳಗಿನಲ್ಲಿ ಆ ಬಟ್ಟೆ ಎರಡು ನಿಮಿಷವೂ ಬಿಸಿಯಾಗಿ ಉಳಿಯುವುದಿಲ್ಲ, ಆದ್ದರಿಂದ ಹತ್ತು ನಿಮಿಷದಲ್ಲಿ ಐದಾರು ಸಲವಾದರೂ ಅದ್ದಬೇಕಾಗುತ್ತದೆ. ಈ ಬೇಸರಕ್ಕೆ ಉಪಾಯವೆಂದು ಒಮ್ಮೆ ಅಕ್ಕಿಯನ್ನು ಬಾಣಲೆಯಲ್ಲಿ ಬಿಸಿ ಮಾಡಿ ಗಂಟು ಕಟ್ಟಿ ನೇರವಾಗಿ ರೆಪ್ಪೆಯ ಮೇಲೆ ಇಟ್ಟುಕೊಂಡೆ. ಗಂಟಿನ ಹೊರಗೆ ಬೆಚ್ಚಗಿದ್ದು ಒಳಗೆ ಸುಡುತ್ತಿದ್ದುದು ತಿಳಿಯುವಷ್ಟರಲ್ಲಿ ರೆಪ್ಪೆಯ ಚರ್ಮ ಬೆಂದು, ನಾಲ್ಕು ದಿನ ಕುಟಿಕೆಗಿಂತ ಸುಟ್ಟ ಗಾಯವೇ ಹೆಚ್ಚು ನೋಯಿತು. ರೆಪ್ಪೆಯ ಚರ್ಮ ಮೈಯಲ್ಲೆಲ್ಲ ಅತ್ಯಂತ ತೆಳುವಾದದ್ದು. ಅಂದಿನಿಂದ ಒದ್ದೆ ಬಟ್ಟೆಯನ್ನು ಬಿಟ್ಟು ಬೇರೇನನ್ನೂ ಪ್ರಯೋಗಿಸಿಲ್ಲ.

ಕುಟಿಕೆ ಎದ್ದಿರುವಾಗ ದಿನಕ್ಕೆ ಮೂರು ನಾಲ್ಕು ಸಲ, ಇಲ್ಲದಿರುವಾಗ ದಿನಕ್ಕೆ ಒಮ್ಮೆ ಶಾಖ ಕೊಡುತ್ತೇನೆ. ಶಾಖದ ಬಳಿಕ, ಕುಟಿಕೆಯಿಲ್ಲದ ದಿನಗಳಲ್ಲಿ ಮಾತ್ರ, ಸೋಪು ಹಾಕಿ ತೊಳೆದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿಯೂ ಕೆಳಗಿನದನ್ನು ಮೇಲ್ಮುಖವಾಗಿಯೂ, ಅಂದರೆ ಕೂದಲಿನ ಅಂಚಿನತ್ತ, ಹಗುರವಾಗಿ ನೀವುತ್ತೇನೆ. ಕರಗಿದ ಎಣ್ಣೆ ಹೊರಬರಲು ಇದು ದಾರಿ ಮಾಡುತ್ತದೆ. ಆಮೇಲೆ ಕುದಿಸಿ ಆರಿಸಿದ ಅರ್ಧ ಲೋಟ ನೀರಿಗೆ ಮಕ್ಕಳ ಶಾಂಪೂವಿನ ಎರಡು ಮೂರು ಹನಿ ಬೆರೆಸಿ, ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿ, ಕಣ್ಣು ಮುಚ್ಚಿಕೊಂಡು ಕೂದಲಿನ ಬುಡಗಳ ಮೇಲೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಸಾಗಿಸಿ, ಬರಿಯ ನೀರಿನಿಂದ ತೊಳೆಯುತ್ತೇನೆ. ಪ್ರತಿ ಕಣ್ಣಿಗೂ ಬೇರೆ ಕಡ್ಡಿ. ಔಷಧದ ಅಂಗಡಿಗಳಲ್ಲಿ ಇದಕ್ಕೆಂದೇ ಸಿದ್ಧವಾದ ಒರೆಸುವ ಹಾಳೆಗಳೂ ಸಿಗುತ್ತವೆ, ಶಾಂಪೂವಿನಿಂದ ಕಣ್ಣು ಇನ್ನಷ್ಟು ಒಣಗುವವರಿಗೆ ಅವೇ ಉತ್ತಮವೆಂದು ವೈದ್ಯರು ಹೇಳಿದ್ದರು. ನನಗೆ ಶಾಂಪೂ ಒಗ್ಗಿತು, ಖರ್ಚೂ ಕಡಿಮೆಯಾಯಿತು. ತಲೆಯ ಹೊಟ್ಟಿಗೆ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಸಲ ಹಾಕಿದ್ದರಿಂದ ಹುಬ್ಬಿನ ಹೊಟ್ಟೂ ಹೋಯಿತು. "ರೈಟ್ರು ಕಣ್ಣಿಗೆ ಶಾಂಪೂ ಹಾಕ್ತಾರಂತೆ" ಎಂದು ಆಳುಗಳ ಲೈನ್‌ಮನೆಗಳಲ್ಲಿ ಕೆಲವು ದಿನ ನಗೆಯಾಯಿತು.

ಕುಟಿಕೆಯನ್ನು ಹಿಸುಕಬಾರದು. ಮೊದಲ ಸಲ ನಾನು ಹಿಸುಕಿದ್ದೆ, ಊತ ಕೆನ್ನೆಯವರೆಗೆ ಇಳಿದಿತ್ತು. ಸೋಂಕು ರೆಪ್ಪೆಯ ಒಳಪದರಗಳಿಗೆ ಹರಡುವ ಅಪಾಯ ಅದರಲ್ಲಿದೆ. ಶಾಖ ಕೊಟ್ಟರೆ ಹೆಚ್ಚಿನವು ಒಂದೆರಡು ವಾರಗಳೊಳಗೆ ತಾವಾಗಿಯೇ ಒಡೆದು ಇಳಿಯುತ್ತವೆ. ಆದರೆ ಎರಡು ದಿನ ಶಾಖ ಕೊಟ್ಟರೂ ಊತ ಏರುತ್ತಲೇ ಇದ್ದರೆ, ಜ್ವರ ಬಂದರೆ, ಕಣ್ಣಿನ ಗುಡ್ಡೆಯನ್ನು ಹೊರಳಿಸುವಾಗ ನೋವಾದರೆ, ದೃಷ್ಟಿ ಮಂದವಾದರೆ ಮನೆಯಲ್ಲಿ ಕೂರದೆ ವೈದ್ಯರ ಬಳಿಗೆ ಹೋಗಬೇಕು.

ಇಲ್ಲಿ ಒಂದು ಅಸಮಾಧಾನವನ್ನು ಬರೆಯದಿದ್ದರೆ ಲೆಕ್ಕ ಪೂರ್ತಿಯಾಗದು. ನಮ್ಮ ತೋಟದ ಹೆಣ್ಣಾಳೊಬ್ಬಳು ಕುಟಿಕೆಗೆಂದು ಅಂಗಡಿಯೊಂದರಲ್ಲಿ ಕೇಳಿ ತಂದ ಹನಿಯೌಷಧದಲ್ಲಿ ಸ್ಟೀರಾಯ್ಡ್ ಇತ್ತು. ಹಾಕಿದೊಡನೆ ಕೆಂಪು ಇಳಿಯುತ್ತಿದ್ದುದರಿಂದ ಅದನ್ನು ಒಳ್ಳೆಯ ಔಷಧವೆಂದು ನಂಬಿ, ತಿಂಗಳುಗಟ್ಟಲೆ ಹಾಕುತ್ತ, ಮಗನಿಗೂ ಹಾಕುತ್ತಿದ್ದಳು. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ, ಸೋಂಕನ್ನು ಕೊಲ್ಲುವುದಿಲ್ಲ. ದೀರ್ಘಕಾಲ ಬಳಸಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು, ಪೊರೆಯೂ ಬರಬಹುದು. ಚೀಟಿಯಿಲ್ಲದೆ ಅದನ್ನು ಕೊಡುವವರ ಧೈರ್ಯಕ್ಕೆ ನನಗೆ ಇಂದಿಗೂ ಕೋಪ ಬರುತ್ತದೆ. ಬಾಟಲಿಯನ್ನು ಕೈಯಿಂದ ಇಸಿದುಕೊಂಡು ಅವಳನ್ನು ವೈದ್ಯರಲ್ಲಿಗೆ ಕಳುಹಿಸಿದೆ.

ನೋಡಿದರೆ ಕುಟಿಕೆ ಅಂಟುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನೋಟದಿಂದ ಅಂಟುವುದಿಲ್ಲ. ಆದರೆ ಕೀವು ತಾಗಿದ ಟವೆಲಿನಿಂದ, ದಿಂಬಿನ ಹೊದಿಕೆಯಿಂದ, ಕಾಡಿಗೆ ಡಬ್ಬಿಯಿಂದ ಬ್ಯಾಕ್ಟೀರಿಯಾ ಒಬ್ಬರಿಂದೊಬ್ಬರಿಗೆ ಹೋಗಬಲ್ಲದು. ನಮ್ಮ ಮಳೆಗಾಲದಲ್ಲಿ ಇದು ಹೆಚ್ಚು ಕಷ್ಟದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಟವೆಲು ಒಣಗಲು ಮೂರು ದಿನ ಹಿಡಿಯುತ್ತದೆ, ಒಲೆಯ ಮೇಲಿನ ಹಗ್ಗದಲ್ಲಿ ಜಾಗ ಸಿಗುವುದಿಲ್ಲ, ಹಾಗಾಗಿ ಇಡೀ ಮನೆಗೆ ಒಂದೇ ಟವೆಲು ಸುತ್ತುತ್ತದೆ. ನಮ್ಮ ಮನೆಯಲ್ಲಿ ಮುಖಕ್ಕೆಂದು ತೆಳು ಪಂಚೆಯ ತುಂಡುಗಳನ್ನು ಒಬ್ಬೊಬ್ಬರಿಗೆ ಬೇರೆ ಬೇರೆ ಬಣ್ಣದ ದಾರ ಹೊಲಿದು ಕೊಟ್ಟಿದ್ದೇವೆ. ತೆಳು ಬಟ್ಟೆ ಮಳೆಯಲ್ಲಿಯೂ ಒಂದು ರಾತ್ರಿಗೆ ಒಣಗುತ್ತದೆ. ಮಗಳು ಹಾಸ್ಟೆಲಿನಲ್ಲಿ ಗೆಳತಿಯರೊಂದಿಗೆ ಹಂಚಿಕೊಳ್ಳುತ್ತಿದ್ದ ಕಾಡಿಗೆ ಕಡ್ಡಿಯನ್ನು ಬಿಟ್ಟಳು, ರೆಪ್ಪೆಯ ಒಳ ಅಂಚಿಗೆ ಎಳೆಯುವುದನ್ನೂ ಬಿಟ್ಟಳು, ಏಕೆಂದರೆ ಗ್ರಂಥಿಗಳ ಬಾಯಿ ಇರುವುದು ಅಲ್ಲಿಯೇ.

ನೋವಿಲ್ಲದ ಗಂಟನ್ನು ಕುಟಿಕೆಯೆಂದು ತಿಳಿಯುವುದೂ ಉಂಟು. ನನ್ನ ನಾಲ್ಕನೆಯದು ನೋವು ಇಳಿದ ಮೇಲೂ ಬಟಾಣಿಯಷ್ಟು ಗಂಟಾಗಿ ಎರಡು ತಿಂಗಳು ಉಳಿಯಿತು. ಅದು ಕಲೇಜಿಯನ್, ಮುಚ್ಚಿದ ಗ್ರಂಥಿಯ ಎಣ್ಣೆ ಹೆಪ್ಪುಗಟ್ಟಿದ್ದು. ಶಾಖದಿಂದಲೇ ಕರಗಿತು, ಕೆಲವರಿಗೆ ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆದರೆ ನಮ್ಮ ನೆರೆಯ ಎಪ್ಪತ್ತರ ಹಿರಿಯರೊಬ್ಬರಿಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಗಂಟಾಗಿ, ಅಲ್ಲಿನ ರೆಪ್ಪೆಗೂದಲು ಉದುರಿತ್ತು. ವಯಸ್ಸಾದವರಲ್ಲಿ ಇಂಥದ್ದು ಅಪರೂಪಕ್ಕೆ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಆಗಿರಬಹುದೆಂದು ವೈದ್ಯರು ಹೇಳಿದ್ದು ನೆನಪಾಗಿ, ಅವರನ್ನು ಒತ್ತಾಯಿಸಿ ಕರೆದೊಯ್ದೆ. ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅನಾವಶ್ಯಕವಾಗಿ ಅಲೆಸಿದೆನೆಂದು ಅವರು ನನ್ನನ್ನು ಬೈದರು, ನಾನು ಬೈಸಿಕೊಂಡೆ.

ಐದನೆಯ ಕುಟಿಕೆ ಬಂದದ್ದು ಇದೆಲ್ಲ ರೂಢಿಯಾದ ಮೇಲೆ, ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಗಡಿಬಿಡಿಯಲ್ಲಿ ಮೂರು ವಾರ ರೆಪ್ಪೆ ತೊಳೆಯುವುದನ್ನು ಬಿಟ್ಟಿದ್ದಾಗ. ಚುಚ್ಚತೊಡಗಿದ ಮೊದಲ ದಿನವೇ ಶಾಖ ಆರಂಭಿಸಿದ್ದರಿಂದ ಐದನೆಯ ದಿನ ಒಡೆಯಿತು, ರಜೆ ಹಾಕಬೇಕಾಗಲಿಲ್ಲ. ಅದರ ನಂತರದ ಎರಡು ಕುಯ್ಲುಗಳಲ್ಲಿ ಪುಸ್ತಕದ ಆ ಪುಟ ಖಾಲಿಯಿದೆ. ಹಣ್ಣು ತೂಗುವ ಜಾಗದ ನಲ್ಲಿಗೆ ಹಳೆಯ ಕಾಲುಚೀಲದಲ್ಲಿ ಸೋಪು ಕಟ್ಟಿ ತೂಗುಹಾಕಿದ್ದೇನೆ. ಕುಯ್ದು ಬಂದವರು ಕೈಯ ಅಂಟನ್ನು ಹೋಗಲಾಡಿಸಲು ಅದನ್ನು ಬಳಸುತ್ತಾರೆ, ಕಣ್ಣಿಗಾಗಿ ಅಲ್ಲ. ಹದಿನೈದು ದಿನಕ್ಕೊಂದು ಸೋಪು ಖರ್ಚಾಗುತ್ತದೆ, ಅದನ್ನು ಚಿಲ್ಲರೆ ವೆಚ್ಚದಲ್ಲಿ ಬರೆಯುತ್ತೇನೆ, ಮಾಲೀಕರು ಇದುವರೆಗೆ ಕೇಳಿಲ್ಲ.