ಅಜ್ಜನ ಲೆಕ್ಕಪುಸ್ತಕದಲ್ಲಿದ್ದ ದ್ವೀಪ

ಲಕ್ಷದ್ವೀಪದ ಕಡಮತ್ ಅನ್ನುವ ಹೆಸರನ್ನು ನಾನು ಮೊದಲು ಕೇಳಿದ್ದು ಅಜ್ಜನ ಬಾಯಲ್ಲಿ. ಅವರು ಮಂಗಳೂರು ಬಂದರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಅಂತ ಒಂದೇ ಉಸಿರಿಗೆ ಹೇಳುತ್ತಿದ್ದರು, ನಾವು ಕಾಸರಗೋಡಿನವರು ನಮ್ಮ ಊರುಗಳನ್ನು ಬದಿಯಡ್ಕ, ನೀರ್ಚಾಲು, ಪೆರ್ಲ ಅನ್ನುವ ಹಾಗೆ. ಆ ದ್ವೀಪಗಳ ಕೊಬ್ಬರಿ, ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು. ಇಲ್ಲಿಂದ ಅಕ್ಕಿ ಹೋಗುತ್ತಿತ್ತು. 1956ರ ನವೆಂಬರ್ 1ರ ತನಕ ಅವು ಆಗಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು, ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಒಂದೇ ಮನೆಯ ಇಬ್ಬರು ಒಂದೇ ದಿನ ಬೇರೆಯಾದ ಹಾಗೆ.

ನಾನು ಕನ್ನಡ ಮಾಧ್ಯಮ ಶಾಲೆಯ ಟೀಚರ್. ವಯಸ್ಸು 43. ಈಜು ಕಲಿತದ್ದು ಅಡಿಕೆ ತೋಟದ ಕೆರೆಯಲ್ಲಿ. ಸ್ಕೂಬಾ ಡೈವಿಂಗ್ ಆಸೆ ಹೇಳಿದಾಗ ಕೆಲವರು ನೇತ್ರಾಣಿ ದ್ವೀಪಕ್ಕೆ ಹೋಗು ಅಂದರು, ಮುರುಡೇಶ್ವರದಿಂದ ಒಂದೇ ದಿನದ ಕೆಲಸ. ಇನ್ನು ಕೆಲವರು ಅಂಡಮಾನ್ ಅಂದರು. ಆದರೆ ಒಂದು ಸಲ ಮುಳುಗಿ ಫೋಟೋ ತೆಗೆಸಿಕೊಂಡು ಬರುವುದು ನನಗೆ ಬೇಕಿರಲಿಲ್ಲ. ಸರಿಯಾಗಿ ಕಲಿಯಬೇಕಿತ್ತು. ಅದೂ ಅಜ್ಜ ವರ್ಷಗಟ್ಟಲೆ ಹೆಸರು ಬರೆದು, ಒಮ್ಮೆಯೂ ನೋಡದೇ ಹೋದ ದ್ವೀಪದಲ್ಲಿ.

ಲಕ್ಷದ್ವೀಪಕ್ಕೆ ಸುಮ್ನೆ ಟಿಕೆಟ್ ತೆಗೆದು ಹೋಗುವ ಹಾಗಿಲ್ಲ. ಪರ್ಮಿಟ್ ಬೇಕು, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ದ್ವೀಪದವರು ಯಾರಾದರೂ ಸ್ಪಾನ್ಸರ್ ಮಾಡಬೇಕು, ಇಲ್ಲದಿದ್ದರೆ ಪ್ಯಾಕೇಜ್‌ನಲ್ಲಿ ಹೋಗಬೇಕು. ಮೊದಲ ಸಲ ಒಬ್ಬ ಏಜೆಂಟ್‌ಗೆ ಮುಂಗಡ ಕೊಟ್ಟು ಇಡೀ ರಜೆ ಕಳೆದುಕೊಂಡೆ. ಪರ್ಮಿಟ್ ಬಂತು, ಹಡಗಿನ ಸೀಟು ಸಿಗಲಿಲ್ಲ. ಹಾಗಾಗಿ ಹೋಗುವವರಿಗೆ ನನ್ನ ಮೊದಲ ಮಾತು ಇದು: ಹಡಗಿನ ವೇಳಾಪಟ್ಟಿ ನೋಡಿಕೊಂಡೇ ಉಳಿದದ್ದನ್ನು ಗೊತ್ತುಮಾಡಿ. ಹೋಗುವಾಗ ಮತ್ತು ಬರುವಾಗ ಎರಡೆರಡು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಎರಡನೇ ಸಲ, 2025ರ ಏಪ್ರಿಲ್ ರಜೆಯಲ್ಲಿ, ನನ್ನ ಜೊತೆ ಬಿ.ಎಡ್. ಓದಿದ ಕಡಮತ್‌ನ ಗೆಳತಿಯೇ ಸ್ಪಾನ್ಸರ್ ಮಾಡಿದಳು.

ಸಂಜೆ ಕಾಸರಗೋಡಿನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದೆ. ಬೆಳಗಿನ ಜಾವ ಎರ್ನಾಕುಲಂ. ಬೆಳಕಾದ ಮೇಲೆ ಸರ್ಕಾರಿ ಬೋಟ್‌ನಲ್ಲಿ ವಿಲ್ಲಿಂಗ್ಡನ್ ಐಲ್ಯಾಂಡ್. ಅಲ್ಲಿಂದ ಹಡಗು. ಕೊಚ್ಚಿಯಿಂದ ಕಡಮತ್‌ಗೆ 400 ಕಿಲೋಮೀಟರ್ ದಾಟುತ್ತದೆ. ಬಂಕ್ ಕ್ಲಾಸ್‌ನಲ್ಲಿ ನನ್ನ ಸುತ್ತ ಇದ್ದವರೆಲ್ಲ ದ್ವೀಪದ ಮನೆಗಳವರು: ಆಸ್ಪತ್ರೆಗೆ ಬಂದು ಮರಳುವವರು, ಕಾಲೇಜು ಮಕ್ಕಳು, ಫ್ಯಾನು, ತರಕಾರಿ ಚೀಲ ಹೊತ್ತವರು. ಅವರ ಮಲಯಾಳವನ್ನು ಜೆಸೆರಿ ಅನ್ನುತ್ತಾರೆ. ಕೊಚ್ಚಿಯವರಿಗೆ ಅದು ಬೇಗ ಅರ್ಥವಾಗುವುದಿಲ್ಲ. ನನಗೆ ಒಂದು ಮಾತು ಮಾತ್ರ ಕೂಡಲೇ ಹತ್ತಿರವಾಯಿತು. ಪಕ್ಕದ ಅಜ್ಜಿ ಮೊಮ್ಮಗನ ಹತ್ತಿರ ನೀರು ಕೇಳಿದರು, ‘ಬೆಳ್ಳಂ’ ಅಂತ. ತೆಂಕಣವರು ‘ವೆಳ್ಳಂ’ ಅನ್ನುವುದನ್ನು ನಮ್ಮ ಕಾಸರಗೋಡಿನವರೂ ಹೀಗೆಯೇ ಹೇಳುವುದು, ಅಲ್ವಾ?

ಕಡಮತ್ ಬಂತು. ಹಡಗು ದಡಕ್ಕೆ ಹೋಗದೆ ಹೊರಗೇ ನಿಂತಿತು. ಸಣ್ಣ ಬೋಟುಗಳು ಬಂದವು. ಅಲೆ ಬೋಟನ್ನು ಎತ್ತಿದ ಕ್ಷಣ ನೋಡಿ, ಇಬ್ಬರು ನನ್ನ ಮೊಣಕೈ ಹಿಡಿದು ದಾಟಿಸಿದರು. ಹೆಗಲಿಗೆ ಹಾಕುವ ಚೀಲವೇ ತೆಗೆದುಕೊಂಡು ಹೋಗಿ. ಚಕ್ರದ ಪೆಟ್ಟಿಗೆ ಇಲ್ಲಿ ಕೈಗೆ ಭಾರ.

ದ್ವೀಪ ಬಹಳ ಉದ್ದ, ತೀರಾ ಕಿರಿದು. ಅತಿ ಅಗಲದ ಜಾಗದಲ್ಲೂ ಸುಮಾರು 550 ಮೀಟರ್ ಅಷ್ಟೆ. ತೆಂಗಿನ ಮರಗಳ ನಡುವೆ ಉದ್ದಕ್ಕೂ ರಸ್ತೆ. ಆಟೋ ಇದೆ, ಬೈಕ್ ಇದೆ, ಎಲ್ಲಕ್ಕಿಂತ ಒಳ್ಳೆಯದು ಸೈಕಲ್. ಪಶ್ಚಿಮಕ್ಕೆ ಆಳವಿಲ್ಲದ ಹಸಿರು ನೀರಿನ ಲಗೂನ್. ಅದರಾಚೆ ಹವಳದ ದಿಬ್ಬ, ಬಿಳಿ ನೊರೆಯ ಒಂದು ಗೆರೆ. ಗೆರೆಯಾಚೆ ನೀರು ಕಡುನೀಲಿ.

ಕಲಿಕೆ ಶುರುವಾದದ್ದು ಆ ಲಗೂನ್‌ನಲ್ಲಿ, ಎದೆಮಟ್ಟದ ನೀರಿನಲ್ಲಿ. ಅದಕ್ಕೂ ಮೊದಲು ಒಂದು ಆರೋಗ್ಯದ ಫಾರ್ಮ್. ಉಬ್ಬಸ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಆಪರೇಷನ್ ಇದ್ದರೆ ಡಾಕ್ಟರ್ ಒಪ್ಪಿಗೆ ಬೇಕು. ದಯವಿಟ್ಟು ಇಲ್ಲಿ ಸುಳ್ಳು ಬರೆಯಬೇಡಿ. ಆಮೇಲೆ 200 ಮೀಟರ್ ಈಜು, 10 ನಿಮಿಷ ತೇಲುವುದು. ಈಜಿಗೆ ಸಮಯದ ಮಿತಿ ಇಲ್ಲ. ಕೆರೆಯ ಈಜು ಧಾರಾಳ ಸಾಕಾಯಿತು.

ಕಲಿಸಿದ ಹುಡುಗ ಅದೇ ದ್ವೀಪದವನು, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವನು. ಬಾಯಿಯಿಂದ ರೆಗ್ಯುಲೇಟರ್, ಅಂದರೆ ಟ್ಯಾಂಕ್‌ನ ಗಾಳಿ ಉಸಿರಾಡುವ ಸಾಧನ, ತೆಗೆದು ಮತ್ತೆ ಹಾಕುವುದು, ಮಾಸ್ಕ್ ಒಳಗೆ ನೀರು ಬಿಟ್ಟು ಮೂಗಿನಿಂದ ಊದಿ ಹೊರಹಾಕುವುದು, ಇವನ್ನೇ ಹತ್ತಾರು ಸಲ ಮಾಡಿಸಿದ. ಒಂದು ನಿಯಮವನ್ನು ದಿನವೂ ಹೇಳಿದ: ಉಸಿರು ಕಟ್ಟಬೇಡಿ. ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುತ್ತ ಹಿಗ್ಗುತ್ತದೆ, ಬಾಯಿ ಮುಚ್ಚಿದ್ದರೆ ಶ್ವಾಸಕೋಶಕ್ಕೆ ಪೆಟ್ಟು.

ನನ್ನನ್ನು ಸೋಲಿಸಿದ್ದು ಉಸಿರಲ್ಲ, ಕಿವಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲ ಸಲ ಇಳಿಯುವ ಜಾಸ್ತಿ ಜನ ಹೆದರಿ ಮೇಲೆ ಬರುವುದು ಇಲ್ಲೇ. ನೀರಿನ ಮೇಲೆ ಇರುವ ಒತ್ತಡ 10 ಮೀಟರ್ ಇಳಿದರೆ ಎರಡರಷ್ಟಾಗುತ್ತದೆ, 20 ಮೀಟರ್‌ಗೆ ಮೂರರಷ್ಟು. ಒಂದು ಬಲೂನು ಒಯ್ದರೆ ಅದು 10 ಮೀಟರ್‌ನಲ್ಲಿ ಅರ್ಧ ಆಗುತ್ತದೆ, 20ರಲ್ಲಿ ಮೂರನೇ ಒಂದು ಭಾಗ. ಅಂದರೆ ದೊಡ್ಡ ಬದಲಾವಣೆ ಆಗುವುದು ಮೊದಲ ಕೆಲವು ಮೀಟರ್‌ನಲ್ಲೇ. ಕಿವಿಯ ಪೊರೆಯ ಹಿಂದೆ ಇರುವ ಗಾಳಿಗೂ ಇದೇ ಗತಿ. ಅಲ್ಲಿಗೆ ಮೂಗಿನ ಹಿಂದಿನಿಂದ ಒಂದು ಸಣ್ಣ ನಾಳ ಇದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಅದು ತೆರೆದು ಗಾಳಿ ಒಳಗೆ ಹೋಗುತ್ತದೆ, ಟಪ್ ಅನ್ನುತ್ತದೆ. ನೆಗಡಿಯಾಗಿದ್ದರೆ ಆ ನಾಳ ತೆರೆಯುವುದಿಲ್ಲ.

ಹಡಗಿನ ಎ.ಸಿ.ಯಲ್ಲಿ ನನಗೆ ಸಣ್ಣ ನೆಗಡಿ ಹಿಡಿದಿತ್ತು. ಹೇಳಲಿಲ್ಲ. ಎರಡನೇ ದಿನ ದಿಬ್ಬದಾಚೆ ಇಳಿದೆವು. ಮೂರು ಮೀಟರ್‌ಗೆ ಎಡಗಿವಿ ಒತ್ತಿತು. ನಾಲ್ಕಕ್ಕೆ ಯಾರೋ ಬೆರಳು ಹಾಕಿ ತಿರುಚಿದ ಹಾಗೆ ನೋವು. ನಾನು ಜೋರಾಗಿ ಊದಲು ಹೊರಟೆ. ಆ ಹುಡುಗ ನನ್ನ ಕೈ ಹಿಡಿದು ತಡೆದ, ಹೆಬ್ಬೆರಳು ಮೇಲೆ ತೋರಿಸಿದ. ನೀರೊಳಗೆ ಅದರ ಅರ್ಥ ‘ಭೇಷ್’ ಅಲ್ಲ, ‘ಮೇಲೆ ಹೋಗೋಣ’ ಅಂತ. ಬೋಟ್‌ನಲ್ಲಿ ಅವನು ಹೇಳಿದ್ದು ಇಷ್ಟೆ: “ನೋವು ಬಂದ ಮೇಲೆ ಊದಿದರೆ ತಡವಾಯಿತು ಟೀಚರೇ. ನೋವು ಬರುವ ಮೊದಲೇ ಊದಬೇಕು. ನೆಗಡಿ ಬಿಡುವ ತನಕ ನೀರು ಬೇಡ, ಸೈಕಲ್ ಬಿಡಿ.”

ಎರಡು ದಿನ ಸೈಕಲ್ ಬಿಟ್ಟೆ. ಮೂಗು ಕಟ್ಟಿದ್ದರೂ ಕಣ್ಣಿಗೆ ಹಬ್ಬ. ಕೆಲವು ಕಡೆ ರಸ್ತೆಯಲ್ಲಿ ನಿಂತರೆ ಎರಡೂ ಬದಿಯ ಕಡಲು ಕಾಣುತ್ತದೆ. ಗೆಳತಿಯ ಮನೆಯಲ್ಲಿ ನನಗಾಗಿ ಸೂರೆ ಮೀನಿಲ್ಲದ ಅಡಿಗೆ ಮಾಡಿದರು. ತರಕಾರಿ ದಡದಿಂದ ಬರಬೇಕು, ಹಾಗಾಗಿ ನಾನು ಒಯ್ದ ಹಲಸಿನ ಹಪ್ಪಳ ಎಲ್ಲರಿಗೂ ಪ್ರೀತಿಯದಾಯಿತು. ಬದಲಿಗೆ ಅವರು ಕೊಟ್ಟದ್ದು ದ್ವೀಪ್ ಉಂಡೆ, ತೆಂಗು ಮತ್ತು ಬೆಲ್ಲದ್ದು, ಒಣ ಬಾಳೆಲೆಯಲ್ಲಿ ಸುತ್ತಿದ್ದು. ಸೈಕಲ್ ಚೈನ್ ತುಂಡಾದಾಗ ಒಬ್ಬರು ಆಟೋ ಕಾಕ ಹತ್ತಿಸಿಕೊಂಡರು. ಕಾಸರಗೋಡು ಅಂದ ಕೂಡಲೇ ಅವರ ಮುಖ ಅರಳಿತು. ಎಳೆಯವರಿದ್ದಾಗ ಮಂಜಿಯಲ್ಲಿ, ಅಂದರೆ ಸರಕಿನ ಹಾಯಿಹಡಗಿನಲ್ಲಿ, ಮಂಗಳೂರಿಗೆ ಹೋಗುತ್ತಿದ್ದರಂತೆ. “ಧಕ್ಕೆ, ಧಕ್ಕೆ” ಅಂದರು, ಬಂದರಿನ ಹೆಸರು ನಮ್ಮವರು ಹೇಳುವ ಹಾಗೆಯೇ. ಒಂದರಿಂದ ಹತ್ತರ ತನಕ ಕನ್ನಡದಲ್ಲಿ ಎಣಿಸಿ ತೋರಿಸಿದರು. ನನಗೆ ಗಂಟಲು ಕಟ್ಟಿತು. ಆ ಎಣಿಕೆ ಯಾವ ಮಂಡಿಯಲ್ಲಿ ಕಲಿತದ್ದೋ, ಯಾರು ಕಲಿಸಿದ್ದೋ.

ಐದನೇ ದಿನ ಮತ್ತೆ ಇಳಿದೆ. ಈ ಸಲ ಬೋಟ್‌ನಲ್ಲಿ ಕೂತಾಗಲೇ ಒಮ್ಮೆ ಊದಿದೆ. ಲಂಗರಿನ ಹಗ್ಗ ಹಿಡಿದು, ಕಾಲು ಕೆಳಗೆ, ತಲೆ ಮೇಲೆ. ಒಂದು ಗೇಣು ಇಳಿಯುವುದು, ಮೂಗು ಹಿಡಿದು ಊದುವುದು, ಟಪ್. ಇನ್ನೊಂದು ಗೇಣು. ಎಡಗಿವಿ ತಡವಾದರೆ ಅರ್ಧ ಮೀಟರ್ ಮೇಲೆ ಬಂದು, ಎಂಜಲು ನುಂಗಿ, ಮತ್ತೆ ಊದುವುದು. ಆ ಹುಡುಗ ನನ್ನ ಕಣ್ಣೆದುರು ಅಂಗೈ ಮೇಲೆ-ಕೆಳಗೆ ಆಡಿಸುತ್ತಿದ್ದ: ಮೆಲ್ಲೆ, ಮೆಲ್ಲೆ. ಐದು ಮೀಟರ್ ದಾಟಲು ನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಕಿವಿ ತಾನಾಗಿಯೇ ಒಪ್ಪಿಕೊಂಡಿತು.

ಕೆಳಗೆ ಮೊದಲು ಗಮನಕ್ಕೆ ಬಂದದ್ದು ಸದ್ದು. ಕಟಕ್, ಕಟಕ್, ಯಾರೋ ಚಕ್ಕುಲಿ ಕಡಿದ ಹಾಗೆ. ನೀರಿನಲ್ಲಿ ಸದ್ದು ಗಾಳಿಗಿಂತ ಸುಮಾರು ನಾಲ್ಕು ಪಟ್ಟು ಬೇಗ ಓಡುತ್ತದೆ, ಹಾಗಾಗಿ ಯಾವ ಕಡೆಯಿಂದ ಅಂತ ಕಿವಿಗೆ ಗೊತ್ತಾಗುವುದಿಲ್ಲ. ತಿರುಗಿ ನೋಡಿದರೆ ಗಿಳಿಮೀನು. ಹಸಿರು-ನೀಲಿ ಮೈ, ಕೊಕ್ಕಿನಂಥ ಹಲ್ಲು. ಪಾಚಿಗಾಗಿ ಹವಳದ ಕಲ್ಲು ಕೆರೆಯುತ್ತಿತ್ತು. ಸ್ವಲ್ಪ ದೂರ ಹೋಗಿ ಹಿಂದಿನಿಂದ ಬಿಳಿ ಪುಡಿಯ ಒಂದು ಮೋಡ ಬಿಟ್ಟಿತು. ಮೇಲೆ ನಾನು ಬರಿಗಾಲಲ್ಲಿ ನಡೆದ ಆ ಮೆತ್ತನೆ ಮರಳಿನಲ್ಲಿ ಇದರ ಪಾಲೂ ಇದೆ.

ಇನ್ನೊಂದು, ನನ್ನ ಮಣಿಕಟ್ಟಿನ ದಾರ. ಮಧೂರು ದೇವಸ್ಥಾನದಲ್ಲಿ ಕಟ್ಟಿಸಿಕೊಂಡದ್ದು, ಕುಂಕುಮದಷ್ಟು ಕೆಂಪು. 15 ಮೀಟರ್‌ನಲ್ಲಿ ನೋಡಿದರೆ ಅದು ಕರಿಕಂದು. ನೀರು ಮೊದಲು ನುಂಗುವುದು ಕೆಂಪನ್ನೇ. ಹುಡುಗ ಟಾರ್ಚ್ ಬೆಳಕು ಬಿಟ್ಟ. ದಾರ ಮತ್ತೆ ಕೆಂಪಾಯಿತು, ಪಕ್ಕದ ಬೂದು ಕಲ್ಲೂ ಕಿತ್ತಳೆ, ನೇರಳೆ ಆಯಿತು.

ಎಲ್ಲ ಕಲ್ಲಿಗೂ ಬಣ್ಣ ಬರಲಿಲ್ಲ. 2024ರ ಬೇಸಿಗೆಯಲ್ಲಿ ಕಡಲು ಬಿಸಿಯಾಗಿ ಲಕ್ಷದ್ವೀಪದ ಹವಳ ಬೆಳ್ಳಗಾಯಿತು. ಹವಳದ ಒಳಗೆ ಇದ್ದು ಅದಕ್ಕೆ ಊಟ, ಬಣ್ಣ ಎರಡನ್ನೂ ಕೊಡುವ ಪಾಚಿ, ನೀರು ಕಾದರೆ ಹೊರಗೆ ಹೋಗುತ್ತದೆ. ಬಹಳ ದಿನ ಹಾಗೆಯೇ ಉಳಿದರೆ ಹವಳ ಸಾಯುತ್ತದೆ. 1998, 2010, 2016ರಲ್ಲೂ ಹೀಗಾಗಿತ್ತು. ಕವಲೊಡೆದ ಹವಳದ ಒಂದಿಡೀ ಪೊದೆ ಸತ್ತು, ಕಂದು ಪಾಚಿ ಹಿಡಿದು ನಿಂತಿತ್ತು, ಬೆಂಕಿ ಬಿದ್ದ ತೋಟದ ಹಾಗೆ. ಹುಡುಗ ಅದರ ಮೇಲೆ ಹಾದುಹೋಗುವಾಗ ಕಾಲಿನ ಫಿನ್ ಆಡಿಸಲಿಲ್ಲ. ನನ್ನ ಕಾಲನ್ನೂ ಹಿಡಿದುಕೊಂಡ. ಬದುಕಿದ್ದಕ್ಕೆ ತೋರಿಸುವ ಮರ್ಯಾದೆಯನ್ನೇ ಅವನು ಅದಕ್ಕೂ ತೋರಿಸಿದ. ಆ ಬುಡದಲ್ಲಿ ಬೆರಳುಗಾತ್ರದ ಎಳೆ ಹವಳ ಒಂದೆರಡು ಇದ್ದವು. ನಾನು ತಿಳಿಯದೆ ಮುಟ್ಟಲು ಕೈ ಚಾಚಿ ಹಿಂದೆ ತೆಗೆದುಕೊಂಡೆ.

ಗಾಳಿಯ ಟ್ಯಾಂಕ್ 200 ಬಾರ್‌ನಿಂದ ಶುರು, ಬಾರ್ ಅಂದರೆ ಒತ್ತಡದ ಅಳತೆ. 50 ಬಾರ್ ಉಳಿದಿರುವಾಗಲೇ ಮೇಲೆ ಇರಬೇಕು. ಬರುವ ದಾರಿಯಲ್ಲಿ 5 ಮೀಟರ್‌ನಲ್ಲಿ 3 ನಿಮಿಷ ಸುಮ್ಮನೆ ನಿಲ್ಲಬೇಕು, ಮೈಯಲ್ಲಿ ಕರಗಿದ ನೈಟ್ರೋಜನ್ ಮೆಲ್ಲಗೆ ಹೊರಹೋಗಲು. ಇದೇ ಕಾರಣಕ್ಕೆ ಹಲವು ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಕಾಯಬೇಕು. ಅಗತ್ತಿ ದ್ವೀಪದಿಂದ ವಿಮಾನದಲ್ಲಿ ಮರಳುವವರು ಕೊನೆಯ ದಿನ ನೀರಿಗಿಳಿಯುವ ಹಾಗಿಲ್ಲ. ಹಡಗಿನವರಿಗೆ ಆ ಚಿಂತೆ ಇಲ್ಲ.

ಏಳನೇ ದಿನ ನಾಲ್ಕನೇ ಡೈವ್ ಮುಗಿಯಿತು. ಬೋಟ್‌ನ ಹಲಗೆ ಮೇಲೆ ಕೂತು ಹುಡುಗ ನನ್ನ ಲಾಗ್ ಪುಸ್ತಕ ತುಂಬಿಸಿದ. ಆಳ 17 ಮೀಟರ್, ಸಮಯ 40 ನಿಮಿಷ, ಉಳಿದ ಗಾಳಿ 60 ಬಾರ್. ಜಾಗ ಅನ್ನುವ ಕಡೆ ಬರೆಯಲು ಹೊರಟವನ ಕೈಯಿಂದ ಪೆನ್ನು ಕೇಳಿ ತೆಗೆದುಕೊಂಡೆ. ಬೆರಳು ನೀರಲ್ಲಿ ನೆನೆದು ಸುಕ್ಕಾಗಿತ್ತು. ಅಜ್ಜ ಬರೆಯುತ್ತಿದ್ದ ಹಾಗೆ ಕನ್ನಡದಲ್ಲೇ ಬರೆದೆ: ಕಡಮತ್.